ಗೀರು ಬಿದ್ದ ಸಿಡಿ ಸುಳ್ಳು ಹೇಳುತ್ತೆ, ಅದನ್ನ ಹಿಡಿಯೋದು ಹೇಗೆ?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ಬೆಂಗಳೂರಿಗೆ ಹೋಗೋ ಬಸ್ಸಿನಲ್ಲಿ ನಿಂತ್ಕೊಂಡು ಕೇಳ್ತಿದ್ರೆ ಇನ್ನೂ ಸ್ವಾಗತ.

ಇವತ್ತಿನ ವಿಷಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಶಿಡ್ಲಘಟ್ಟದ ಕಡೆಯವರು. ಅವರ ತಾತ ಊರಿನ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸ್ತಿದ್ರಂತೆ. ಒಂದು ರಾತ್ರಿಯ ನಾಟಕವನ್ನ ಯಾರೋ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿ, ಆಮೇಲೆ ಅದನ್ನ ಸಿಡಿ ಮಾಡಿಸಿ ಕೊಟ್ಟಿದ್ದಾರೆ. ಕ್ಯಾಸೆಟ್ ಈಗಿಲ್ಲ. ಉಳಿದಿರೋದು ಆ ಒಂದು ಸಿಡಿ, ಅದರ ಮೈಮೇಲೆಲ್ಲಾ ಗೀರು. ಇವರು ಕಂಪ್ಯೂಟರ್‌ಗೆ ಹಾಕಿ ಹಾಡುಗಳನ್ನ ಇಳಿಸ್ಕೊಂಡಿದ್ದಾರೆ, ಒಂದು ಎರರ್ ಮೆಸೇಜೂ ಬಂದಿಲ್ಲ. ಹಾಗಾದ್ರೆ ಇನ್ನು ಸಿಡಿ ಬಿಸಾಕಬಹುದಾ ಅನ್ನೋದು ಪ್ರಶ್ನೆ.

ಬೇಡ. ದಯವಿಟ್ಟು ಈಗಲೇ ಬೇಡ. ಆಡಿಯೊ ಸಿಡಿ ವಿಷಯದಲ್ಲಿ "ಎರರ್ ಬರಲಿಲ್ಲ" ಅನ್ನೋದು ಒಂದು ಮಾತು, "ಎರರ್ ಇಲ್ಲ" ಅನ್ನೋದು ಬೇರೆಯೇ ಮಾತು. ಈ ಎರಡರ ನಡುವೆ ಇರೋ ಸಂದಿಯಲ್ಲೇ ನಿಮ್ಮ ತಾತನ ಹಾರ್ಮೋನಿಯಂನ ಎರಡು ಸ್ವರ ಕಳೆದುಹೋಗಬಹುದು, ನಿಮಗೆ ಗೊತ್ತೂ ಆಗಲ್ಲ.

ಮೊದಲು ಒಂದು ಸಣ್ಣ ಎಚ್ಚರಿಕೆ, ಯಾಕಂದ್ರೆ ಇದು ನಮ್ಮ ಕಡೆ ತುಂಬಾ ನಡೆಯುತ್ತೆ. ವಿಂಡೋಸ್‌ನಲ್ಲಿ ಆಡಿಯೊ ಸಿಡಿ ತೆರೆದ್ರೆ ಒಳಗೆ ಟ್ರ್ಯಾಕ್01.ಸಿಡಿಎ, ಟ್ರ್ಯಾಕ್02.ಸಿಡಿಎ ಅಂತ ಸಾಲಾಗಿ ಫೈಲ್‌ಗಳು ಕಾಣುತ್ತೆ. ಅದನ್ನ ಹಿಡಿದು ಪೆನ್‌ಡ್ರೈವ್‌ಗೆ ಹಾಕಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕಾಪಿ ಆಗುತ್ತೆ. ಆಗಲೇಬೇಕು, ಅದರ ಸೈಜ್ 44 ಬೈಟ್ ಅಷ್ಟೆ. ಅದರೊಳಗೆ ಹಾಡಿಲ್ಲ, ಹಾಡು ಸಿಡಿಯಲ್ಲಿ ಎಲ್ಲಿ ಶುರು, ಎಷ್ಟು ಉದ್ದ ಅನ್ನೋ ವಿಳಾಸ ಮಾತ್ರ ಇದೆ. ಮನೆ ಬದಲು ಮನೆಯ ಅಡ್ರೆಸ್ ಬರ್ಕೊಂಡು ಬಂದ ಹಾಗೆ. ಹೀಗೆ "ಕಾಪಿ" ಮಾಡಿ ಸಿಡಿ ಬಿಸಾಕಿದವರಿಗೆ ಉಳಿಯೋದು ಆ ಚೀಟಿ ಒಂದೇ. ಹಾಡು ನಿಜವಾಗಿ ಇಳಿಬೇಕಂದ್ರೆ ಒಂದು ಸಾಫ್ಟ್‌ವೇರ್ ಸಿಡಿಯನ್ನ ಓದಿ ಫೈಲ್ ಮಾಡಬೇಕು. ಅದಕ್ಕೇ ರಿಪ್ಪಿಂಗ್ ಅನ್ನೋದು.

ಈಗ ಸಿಡಿ ಒಳಗೆ ಏನಿದೆ ನೋಡೋಣ. ಸ್ವಲ್ಪ ಲೆಕ್ಕ ಬರುತ್ತೆ. ನಾನು ಬಿ.ಕಾಂ, ಎಂಜಿನಿಯರ್ ಅಲ್ಲ, ಹಾಗಾಗಿ ಅಂಗಡಿ ಲೆಕ್ಕದಲ್ಲೇ ಹೇಳ್ತೀನಿ.

ಸೋನಿ ಮತ್ತು ಫಿಲಿಪ್ಸ್ ಸೇರಿ ಆಡಿಯೊ ಸಿಡಿಯ ನಿಯಮ ಬರೆದಿದ್ದು 1980ರಲ್ಲಿ, ಸಿಡಿ ಮಾರುಕಟ್ಟೆಗೆ ಬಂದಿದ್ದು 1982ರಲ್ಲಿ. ಒಂದು ಸೆಕೆಂಡ್ ಹಾಡು ಅಂದ್ರೆ ಎಡಗಿವಿಗೆ 44,100 ಸಂಖ್ಯೆ, ಬಲಗಿವಿಗೆ 44,100 ಸಂಖ್ಯೆ. ಇದನ್ನ 24 ಬೈಟ್‌ಗಳ ಸಣ್ಣ ಸಣ್ಣ ಗಂಟು ಕಟ್ಟಿ ಇಡ್ತಾರೆ. ಆದ್ರೆ ಪ್ರತಿ 24 ಬೈಟ್ ಹಾಡಿನ ಜೊತೆ 8 ಬೈಟ್ ಕಾವಲು ಸಂಖ್ಯೆಗಳೂ ಇರುತ್ತೆ. ಕಿರಾಣಿ ಅಂಗಡಿ ಬಿಲ್ ನೆನಪಿಸ್ಕೊಳ್ಳಿ. ಐದು ಸಾಮಾನು, ಕೆಳಗೆ ಟೋಟಲ್. ಮಧ್ಯದ ಒಂದು ಬೆಲೆಯ ಮೇಲೆ ಎಣ್ಣೆ ಬಿದ್ದು ಅಳಿಸಿಹೋದ್ರೂ ಟೋಟಲ್‌ನಿಂದ ಉಳಿದ ನಾಲ್ಕನ್ನ ಕಳೆದ್ರೆ ಆ ಬೆಲೆ ಸಿಗುತ್ತೆ. ಎರಡು ಬೆಲೆ ಅಳಿಸಿದ್ರೆ ಒಂದು ಟೋಟಲ್ ಸಾಲಲ್ಲ, ಬೇರೆ ರೀತಿ ಕೂಡಿದ ಇನ್ನೊಂದು ಟೋಟಲ್ ಬೇಕು. ಆ ಎಂಟು ಕಾವಲು ಬೈಟ್‌ಗಳು ಹೀಗೆ ಬೇರೆ ಬೇರೆ ರೀತಿ ಕೂಡಿಟ್ಟ ಟೋಟಲ್‌ಗಳು ಅಂದ್ಕೊಳ್ಳಿ.

ಈ ವಿದ್ಯೆಗೆ ರೀಡ್-ಸಾಲೊಮನ್ ಕೋಡ್ ಅಂತಾರೆ. ಇರ್ವಿಂಗ್ ರೀಡ್, ಗುಸ್ಟಾವ್ ಸಾಲೊಮನ್ ಅನ್ನೋ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ್ದು. ಹಳೇ ಕಾಲದ್ದು ಅಂತ ತಳ್ಳಿಹಾಕ್ಬೇಡಿ, ಇವತ್ತು ಬೆಳಿಗ್ಗೆ ಟೀ ಕುಡಿದು ನೀವು ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡ್‌ನಲ್ಲೂ ಅದೇ ಇದೆ. ಟೀ ಅಂಗಡಿಯ ಸ್ಟಿಕರ್ ಒಂದು ಮೂಲೆ ಹರಿದಿರುತ್ತೆ, ಮೇಲೆ ಹಾಲು ಚೆಲ್ಲಿರುತ್ತೆ, ಆದ್ರೂ ದುಡ್ಡು ಸರಿಯಾದ ಅಕೌಂಟ್‌ಗೇ ಹೋಗುತ್ತೆ. ಕ್ಯೂಆರ್‌ನ ಅತಿ ಗಟ್ಟಿ ಮಟ್ಟದಲ್ಲಿ ಸುಮಾರು ಶೇ. 30ರಷ್ಟು ಭಾಗ ಹಾಳಾದ್ರೂ ಓದಬಹುದು.

ಸಿಡಿಯಲ್ಲಿ ಇನ್ನೂ ಒಂದು ಜಾಣತನ ಇದೆ. ಒಂದು ಗಂಟಿನ ಬೈಟ್‌ಗಳನ್ನ ಒಂದೇ ಕಡೆ ಇಡಲ್ಲ, ನೂರಕ್ಕೂ ಹೆಚ್ಚು ಗಂಟುಗಳ ಉದ್ದಕ್ಕೆ ಹರಡಿಬಿಡ್ತಾರೆ. ಕೈವಾರಕ್ಕೆ ಹತ್ತು ಮನೆಯವರು ಜಾತ್ರೆಗೆ ಹೊರಟಿದ್ದಾರೆ ಅಂತ ಇಟ್ಕೊಳ್ಳಿ. ಒಂದೊಂದು ಮನೆಯವರೂ ಒಂದೊಂದೇ ಬಸ್ ಹತ್ತಿದ್ರೆ, ಒಂದು ಬಸ್ ಕೆಟ್ಟು ನಿಂತಾಗ ಒಂದು ಮನೆಗೆ ಮನೆಯೇ ಗೈರು. ಪ್ರತಿ ಮನೆಯಿಂದ ಒಬ್ಬೊಬ್ಬರು ಬೇರೆ ಬೇರೆ ಬಸ್ ಹತ್ತಿದ್ರೆ, ಬಸ್ ಕೆಟ್ಟರೂ ಪ್ರತಿ ಮನೆಯಲ್ಲಿ ಒಬ್ಬರಷ್ಟೇ ಇಲ್ಲ. ಆ ಒಬ್ಬರನ್ನ ಟೋಟಲ್ ನೋಡಿ ಹುಡುಕ್ಕೊಳ್ಳಬಹುದು. ಇಷ್ಟೆಲ್ಲಾ ಸೇರಿ, ಹಾಡಿನ ದಾರಿಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಜಾಗ ಪೂರ್ತಿ ಹಾಳಾದ್ರೂ ಸಿಡಿ ತನ್ನನ್ನ ತಾನೇ ಸರಿಮಾಡ್ಕೊಳ್ಳುತ್ತೆ. ಸುಧಾರಿಸೋದಲ್ಲ, ಒಂದು ಬಿಟ್ಟೂ ವ್ಯತ್ಯಾಸ ಇಲ್ಲದ ಹಾಗೆ ಸರಿಮಾಡುತ್ತೆ.

"ದಾರಿಯ ಉದ್ದಕ್ಕೆ" ಅಂದೆ, ಅದನ್ನ ಗಮನಿಸಿ. ಹಾಡು ಸಿಡಿಯಲ್ಲಿ ಒಳಗಿಂದ ಹೊರಗೆ ಸುರುಳಿಯಾಗಿ ಹೋಗುತ್ತೆ. ಮಧ್ಯದ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಬಿದ್ದ ಗೀರು ಆ ದಾರಿಯನ್ನ ಅಡ್ಡಕ್ಕೆ ದಾಟುತ್ತೆ ಅಷ್ಟೆ, ನೋಡೋಕೆ ಭಯಂಕರವಾಗಿದ್ರೂ ಎಷ್ಟೋ ಸಲ ಅಪಾಯ ಕಡಿಮೆ. ಸುತ್ತಲೂ ವೃತ್ತಾಕಾರದಲ್ಲಿ ಬಿದ್ದ ಕೂದಲೆಳೆ ಗೀರು ದಾರಿಯ ಮೇಲೇ ಓಡುತ್ತೆ, ಅದು ಕೆಟ್ಟದ್ದು. ಅದಕ್ಕೇ ಸಿಡಿಯನ್ನ ಯಾವತ್ತೂ ತಟ್ಟೆ ಒರೆಸಿದ ಹಾಗೆ ಸುತ್ತಿ ಒರೆಸ್ಬೇಡಿ, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಇನ್ನೊಂದು, ಎಲ್ಲರೂ ಹೊಳೆಯೋ ಬದಿಯನ್ನ ಜೋಪಾನ ಮಾಡ್ತಾರೆ, ಹೆಸರು ಬರೆದಿರೋ ಬದಿಯನ್ನ ಮೇಜಿನ ಮೇಲೆ ಉಜ್ತಾರೆ. ಆದ್ರೆ ಹಾಡು ಕೂತಿರೋದು ಹೆಸರಿನ ಬದಿಯ ಪದರದ ಸ್ವಲ್ಪವೇ ಕೆಳಗೆ. ಹೊಳೆಯೋ ಬದಿಯಲ್ಲಿ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಪ್ಲಾಸ್ಟಿಕ್ ರಕ್ಷಣೆ ಇದೆ, ಮೇಲ್ಗಡೆ ತೆಳು ಲೇಪ ಮಾತ್ರ. ಬಾಲ್‌ಪೆನ್‌ನಲ್ಲಿ ಒತ್ತಿ "ಭಜನೆ ಭಾಗ 2" ಅಂತ ಬರೆದಿದ್ರೆ, ಆ ಅಕ್ಷರಗಳ ಕೆಳಗಿನ ಭಜನೆ ಹೋಗಿರಲೂಬಹುದು.

ಸರಿ, ಗೀರು ದೊಡ್ಡದು, ಟೋಟಲ್‌ಗಳಿಂದಲೂ ಸರಿಮಾಡೋಕಾಗಲ್ಲ. ಆಗ ಏನಾಗುತ್ತೆ? ಇವತ್ತಿನ ಮುಖ್ಯ ವಿಷಯ ಇರೋದು ಇಲ್ಲೇ.

ಸಿಡಿ ಪ್ಲೇಯರ್ ಹುಟ್ಟಿದ್ದು ಮನೆಯಲ್ಲಿ ಕೂತು ಹಾಡು ಕೇಳೋಕೆ. ಒಂದು ಸಂಖ್ಯೆ ಸಿಗಲಿಲ್ಲ ಅಂತ ಹಾಡು ನಿಲ್ಲಿಸಿದ್ರೆ ಕೇಳೋರಿಗೆ ಕಿರಿಕಿರಿ. ಅದಕ್ಕೆ ಅದು ಊಹೆ ಮಾಡುತ್ತೆ. ಹಿಂದಿನ ಸಂಖ್ಯೆ 100, ಮುಂದಿನದು 104, ಮಧ್ಯದ್ದು ಓದೋಕಾಗ್ಲಿಲ್ಲ, ಹಾಗಾದ್ರೆ 102 ಹಾಕು, ಮುಂದೆ ಹೋಗು. ನಿಜವಾದ ಸಂಖ್ಯೆ 140 ಇದ್ದಿರಬಹುದು, ಯಾರು ಕೇಳ್ತಾರೆ. ಕಾಮರ್ಸ್ ಓದಿದವರಿಗೆ ಇದು ಗೊತ್ತು, ಸಸ್ಪೆನ್ಸ್ ಅಕೌಂಟ್ ಅಂದ್ರೆ ಇದೇ. ವ್ಯತ್ಯಾಸ ಎಲ್ಲಿಂದ ಬಂತು ಗೊತ್ತಿಲ್ಲ, ಸದ್ಯಕ್ಕೆ ಅಲ್ಲಿ ಹಾಕು. ನಮ್ಮ ಲೆಕ್ಕದ ಪುಸ್ತಕದಲ್ಲಿ ಕೊನೇಪಕ್ಷ "ಸಸ್ಪೆನ್ಸ್" ಅಂತ ಹೆಸರು ಬರೀತೀವಿ. ಸಿಡಿ ಡ್ರೈವ್ ಎಷ್ಟೋ ಸಲ ಅದನ್ನೂ ಬರೆಯಲ್ಲ. ಊಹೆ ಮಾಡಿದ ಸಂಖ್ಯೆಯನ್ನ ನಿಜವಾದ ಸಂಖ್ಯೆಯ ಜೊತೆಗೇ ಸೇರಿಸಿ ಕಂಪ್ಯೂಟರ್‌ಗೆ ಕೊಟ್ಟುಬಿಡುತ್ತೆ.

ಶಿಡ್ಲಘಟ್ಟದವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ರೇಷ್ಮೆ ಬಿಚ್ಚೋವಾಗ ಹಲವು ಗೂಡುಗಳ ಎಳೆ ಸೇರಿ ಒಂದು ದಾರ ಆಗುತ್ತೆ. ಒಂದು ಗೂಡಿನ ಎಳೆ ಕಡಿದ್ರೂ ದಾರ ನಿಲ್ಲಲ್ಲ, ಓಡ್ತಾನೇ ಇರುತ್ತೆ, ಆ ಜಾಗದಲ್ಲಿ ಸ್ವಲ್ಪ ಸಣ್ಣ ಆಗುತ್ತೆ. ಬರಿಗಣ್ಣಿಗೆ ಕಾಣಲ್ಲ, ಪರೀಕ್ಷೆಗೆ ಹಾಕಿದ್ರೆ ಮಾತ್ರ ಸಿಕ್ಕಿಬೀಳುತ್ತೆ. ಸಿಡಿಗೂ ಅಂಥದೊಂದು ಪರೀಕ್ಷೆ ಬೇಕು.

ಇಲ್ಲಿ ಕೆಲವರಿಗೆ ಡೌಟ್ ಬಂದಿರುತ್ತೆ: ಬಸ್‌ಸ್ಟ್ಯಾಂಡ್‌ನಲ್ಲಿ ಸಿಗ್ತಿದ್ದ, 150 ಹಾಡು ತುಂಬಿದ ಎಂಪಿ3 ಸಿಡಿ ಕಾಪಿ ಮಾಡುವಾಗ ಎರರ್ ಬರ್ತಿತ್ತಲ್ಲ? ಹೌದು, ಅರ್ಧದಲ್ಲಿ ನಿಂತು "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಅಂತ ಬೈತಿತ್ತು. ಅದು ಡೇಟಾ ಸಿಡಿ. ಆಡಿಯೊ ಸಿಡಿಯ ಒಂದು ಸೆಕ್ಟರ್‌ನಲ್ಲಿ 2,352 ಬೈಟ್ ಇರುತ್ತೆ, ಅಷ್ಟೂ ಹಾಡೇ. ಅಷ್ಟೇ ದೊಡ್ಡ ಡೇಟಾ ಸೆಕ್ಟರ್‌ನಲ್ಲಿ ನಿಮ್ಮ ಫೈಲ್‌ಗೆ ಸಿಗೋದು 2,048 ಬೈಟ್, ಉಳಿದದ್ದರಲ್ಲಿ ಬಹುಪಾಲು ಇನ್ನೊಂದು ಸುತ್ತಿನ ಕಾವಲಿಗೆ. ಯಾಕಂದ್ರೆ ಟ್ಯಾಲಿ ಫೈಲ್‌ನಲ್ಲಿ ಊಹೆ ಮಾಡಿ 102 ಹಾಕಿದ್ರೆ ಕೆಲಸ ಕೆಡುತ್ತೆ. ಹಾಗಾಗಿ ಡೇಟಾ ಸಿಡಿ ಗೊತ್ತಿಲ್ಲದಿದ್ರೆ "ಗೊತ್ತಿಲ್ಲ" ಅನ್ನುತ್ತೆ. ಆಡಿಯೊ ಸಿಡಿ ಗೊತ್ತಿಲ್ಲದಿದ್ರೂ ಉತ್ತರ ಬರೆಯುತ್ತೆ, ಪರೀಕ್ಷೆಯಲ್ಲಿ ನಾವೆಲ್ಲ ಬರೆದ ಹಾಗೆ.

ಹಾಗಾದ್ರೆ ಸುಳ್ಳು ಹಿಡಿಯೋದು ಹೇಗೆ? ಪೊಲೀಸ್ ವಿಚಾರಣೆಯ ಹಳೇ ಉಪಾಯ, ಒಂದೇ ಪ್ರಶ್ನೆ ಎರಡು ಸಲ ಕೇಳೋದು.

ಜರ್ಮನಿಯ ಆಂಡ್ರೆ ವೀಟ್‌ಹಾಫ್ 1998ರಲ್ಲಿ ಬಿಟ್ಟ ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನೋ ವಿಂಡೋಸ್ ಸಾಫ್ಟ್‌ವೇರ್ ಮಾಡೋದು ಇದನ್ನೇ. ಮನೆ ಬಳಕೆಗೆ ಉಚಿತ. ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ಸಿಡಿಪ್ಯಾರನೋಯಾ, ವಿಪ್ಪರ್ ಇವೆ. ಎಕ್ಸಾಕ್ಟ್ ಆಡಿಯೊ ಕಾಪಿಯನ್ನ ಸೆಕ್ಯೂರ್ ಮೋಡ್‌ನಲ್ಲಿ ಇಟ್ರೆ ಪ್ರತಿ ಸೆಕ್ಟರನ್ನೂ ಕನಿಷ್ಠ ಎರಡು ಸಲ ಓದುತ್ತೆ. ಎರಡೂ ಒಂದೇ ಇದ್ರೆ ಮುಂದೆ. ಬೇರೆ ಇದ್ರೆ ಅಲ್ಲೇ ಕೂತು 16 ಸಲ ಓದುತ್ತೆ, ಅದರಲ್ಲಿ 8 ಒಂದೇ ಬಂದ್ರೆ ಒಪ್ಪುತ್ತೆ, ಇಲ್ಲಾಂದ್ರೆ ಮತ್ತೆ 16. ತೀರಾ ಕೆಟ್ಟ ಜಾಗವನ್ನ 82 ಸಲದವರೆಗೂ ಓದುತ್ತೆ. ಅದಕ್ಕೇ ಗೀರು ಇರೋ ಒಂದು ಹಾಡಿಗೆ ಒಂದು ಗಂಟೆ ಹಿಡಿದ್ರೂ ಗಾಬರಿ ಬೇಡ, ಕ್ಯಾನ್ಸಲ್ ಒತ್ಬೇಡಿ. ಅದು ಜಗಳ ಆಡ್ತಿದೆ, ಆಡ್ಲಿ. ಒಂದು ಸೆಟ್ಟಿಂಗ್ ಮಾತ್ರ ಮರೀಬೇಡಿ. ಡ್ರೈವ್‌ಗೆ ತನ್ನದೇ ಸಣ್ಣ ಮೆಮೊರಿ ಇರುತ್ತೆ, ಕ್ಯಾಶ್ ಅಂತಾರೆ. ಎರಡನೇ ಸಲ ಕೇಳಿದಾಗ ಸಿಡಿ ನೋಡದೇ ಮೊದಲಿನ ಉತ್ತರವನ್ನೇ ಮೆಮೊರಿಯಿಂದ ತೆಗೆದು ಕೊಟ್ರೆ ಎರಡು ಸಲ ಕೇಳಿ ಏನು ಬಂತು? ಅದಕ್ಕೆ ಡ್ರೈವ್ ಆಯ್ಕೆಗಳಲ್ಲಿ "ಡ್ರೈವ್ ಆಡಿಯೊ ಡೇಟಾ ಕ್ಯಾಶ್ ಮಾಡುತ್ತೆ" ಅನ್ನೋ ಅರ್ಥದ ಟಿಕ್ ಇದೆ, ಹಾಕಿಡಿ.

ಇದರ ಮೇಲೆ "ಟೆಸ್ಟ್ ಅಂಡ್ ಕಾಪಿ" ಅಂತ ಒಂದು ಆಯ್ಕೆ. ಇಡೀ ಹಾಡನ್ನ ಒಂದು ಸಲ ಓದಿ ಸಿಆರ್‌ಸಿ ಅನ್ನೋ ಎಂಟು ಅಕ್ಷರ-ಅಂಕಿಗಳ ಗುರುತು ಬರ್ಕೊಳ್ಳುತ್ತೆ, ಮತ್ತೆ ಮೊದಲಿಂದ ಓದಿ ಇನ್ನೊಂದು ಗುರುತು ಬರ್ಕೊಳ್ಳುತ್ತೆ. ಕೋಟಿಗಟ್ಟಲೆ ಬೈಟ್‌ಗಳಲ್ಲಿ ಒಂದು ಬಿಟ್ ಬದಲಾದ್ರೂ ಗುರುತು ಬೇರೆ ಆಗುತ್ತೆ. ಕೊನೆಗೆ ಒಂದು ಲಾಗ್ ಫೈಲ್ ಕೊಡುತ್ತೆ. ಯಾರೂ ಓದದ ಆ ಫೈಲೇ ನಿಮ್ಮ ನಿಜವಾದ ರಸೀದಿ. ಟ್ರ್ಯಾಕ್ ಕ್ವಾಲಿಟಿ 100 ಇದೆಯಾ, ಕಡಿಮೆ ಇದೆಯಾ ನೋಡಿ. ಕಡಿಮೆ ಅಂದ್ರೆ ಮತ್ತೆ ಮತ್ತೆ ಓದಬೇಕಾಯ್ತು ಅಂತ, ಹಾಡು ಕೆಟ್ಟಿದೆ ಅಂತಲ್ಲ. "ಸಸ್ಪಿಶಸ್ ಪೊಸಿಷನ್" ಅಂತ ನಿಮಿಷ-ಸೆಕೆಂಡ್ ಕೊಟ್ಟಿದ್ರೆ ಆ ಜಾಗದಲ್ಲಿ ಅನುಮಾನ ಇದೆ, ಇಯರ್‌ಫೋನ್ ಹಾಕಿ ಅಲ್ಲೇ ಕೇಳಿ. ಒಂದು ಸೆಕೆಂಡ್‌ಗೆ 75 ಸೆಕ್ಟರ್. ಮೂರು ನಿಮಿಷದ ಹಾಡಿನ 13,500 ಸೆಕ್ಟರ್‌ಗಳಲ್ಲಿ ಹತ್ತು ಹೋದ್ರೂ ಅದು ಸೆಕೆಂಡಿನ ಏಳನೇ ಒಂದು ಭಾಗ ಮಾತ್ರ.

ಸರಿ, ಎರಡೂ ಗುರುತು ಒಂದೇ ಬಂತು. ಮುಗೀತಾ? ಇನ್ನೂ ಇಲ್ಲ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತಲ್ಲ, ಇದು ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡೋ ಪಾಠ. 870 ರೂಪಾಯಿಯ ಬಿಲ್ಲನ್ನ ಮೊದಲ ಪುಸ್ತಕದಲ್ಲೇ 780 ಅಂತ ಬರೆದ್ರೆ, ಡೆಬಿಟ್ಟೂ 780, ಕ್ರೆಡಿಟ್ಟೂ 780. ಚೆನ್ನಾಗಿ ಟ್ಯಾಲಿ ಆಗುತ್ತೆ. ಹಾಗೇ ಡ್ರೈವ್ ಕೂಡ. ಅದೇ ಗೀರು, ಅದೇ ಲೇಸರ್, ಅದೇ ಊಹೆ. ಎರಡು ಸಲವೂ ಒಂದೇ ಸುಳ್ಳು ಹೇಳಿದ್ರೆ ಗುರುತು ಹೊಂದುತ್ತೆ. ಅಪರೂಪ, ಆದ್ರೆ ಆಗುತ್ತೆ.

ಇದಕ್ಕೆ ಪರಿಹಾರವೂ ಲೆಕ್ಕದ ಪುಸ್ತಕದಲ್ಲೇ ಇದೆ. ನಮ್ಮ ಕ್ಯಾಶ್ ಬುಕ್ಕನ್ನ ಬ್ಯಾಂಕಿನ ಪಾಸ್‌ಬುಕ್ ಜೊತೆ ತಾಳೆ ನೋಡ್ತೀವಲ್ಲ, ಹಾಗೆ ಹೊರಗಿನ ಸಾಕ್ಷಿ ಬೇಕು. ಆ್ಯಕ್ಯುರೇಟ್‌ರಿಪ್ ಅನ್ನೋ ಡೇಟಾಬೇಸ್ ಇದೆ. ಪ್ರಪಂಚದ ಬೇರೆ ಬೇರೆ ಕಡೆ ಜನ ಅದೇ ಸಿಡಿ ರಿಪ್ ಮಾಡಿದಾಗ ಬಂದ ಗುರುತುಗಳು ಅಲ್ಲಿರುತ್ತೆ. ನಿಮ್ಮದು ಐದು ಜನರ ಗುರುತಿನ ಜೊತೆ ಹೊಂದಿದ್ರೆ "ಕಾನ್ಫಿಡೆನ್ಸ್ 5" ಅನ್ನುತ್ತೆ. ಐದು ಬೇರೆ ಸಿಡಿಗಳ ಮೇಲೆ ಒಂದೇ ಜಾಗದಲ್ಲಿ ಒಂದೇ ಗೀರು ಇರೋಕೆ ಸಾಧ್ಯವಿಲ್ಲ, ಹಾಗಾಗಿ ಅಲ್ಲಿಗೆ ನೆಮ್ಮದಿ. ಕ್ಯೂಟೂಲ್ಸ್‌ನವರ ಡೇಟಾಬೇಸ್ ಇನ್ನೂ ಒಂದು ಹೆಜ್ಜೆ ಮುಂದೆ, ಸಣ್ಣಪುಟ್ಟ ಹಾನಿಯನ್ನ ರಿಪೇರಿ ಮಾಡೋ ಮಾಹಿತಿಯನ್ನೂ ಇಟ್ಕೊಂಡಿದೆ.

ಆದ್ರೆ ನಮ್ಮ ಸಮಸ್ಯೆ ಅದಲ್ಲ. ಕಂಪನಿಯವರು ಸಾವಿರಗಟ್ಟಲೆ ಒತ್ತಿಸಿ ಮಾರಿದ ಸಿನಿಮಾ ಹಾಡಿನ ಸಿಡಿ ಹಾಳಾದ್ರೆ ಅಷ್ಟು ದುಃಖ ಬೇಡ, ಹಾಡು ಆ್ಯಪ್‌ನಲ್ಲಿ ಸಿಗುತ್ತೆ. ಊರಿನ ಭಜನಾ ಮಂಡಳಿಯವರು ಕೈವಾರ ತಾತಯ್ಯನವರ ತತ್ವಪದ ಹಾಡಿದ ಸಿಡಿ, ಸ್ಟುಡಿಯೊದಲ್ಲಿ ಹತ್ತು ಕಾಪಿ ಬರ್ನ್ ಮಾಡಿಸಿದ್ದು, ಅದರ ಗುರುತು ಪ್ರಪಂಚದ ಯಾವ ಡೇಟಾಬೇಸ್‌ನಲ್ಲೂ ಇರಲ್ಲ. ಯಾವ ಸಿಡಿ ಕಳ್ಕೊಂಡ್ರೆ ಮತ್ತೆ ಸಿಗಲ್ವೋ, ಅದಕ್ಕೇ ಹೊರಗಿನ ಸಾಕ್ಷಿ ಇಲ್ಲ. ಜೊತೆಗೆ ಬರ್ನ್ ಮಾಡಿದ ಸಿಡಿಯಲ್ಲಿ ಹಾಡು ಕೂತಿರೋದು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ ತಾಗಿ ಆ ಬಣ್ಣ ಮಾಸುತ್ತೆ. ಒಂದು ಗೀರೂ ಇಲ್ಲದ ಸಿಡಿಯೂ ಒಳಗೊಳಗೇ ಸಾಯ್ತಿರಬಹುದು.

ಇಂಥ ಸಿಡಿಗೆ ಸಾಕ್ಷಿಯನ್ನ ನೀವೇ ಹುಟ್ಟಿಸಬೇಕು. ಅದೇ ರೆಕಾರ್ಡಿಂಗ್‌ನ ಇನ್ನೊಂದು ಕಾಪಿ ಮಂಡಳಿಯ ಯಾರ ಮನೆಯಲ್ಲಾದ್ರೂ ಇದೆಯಾ ವಿಚಾರಿಸಿ, ಅದಕ್ಕಿಂತ ಒಳ್ಳೇದಿಲ್ಲ. ನಿಮ್ಮ ಸಿಡಿಯ ಮೂರನೇ ಹಾಡು ಹಾಳಾಗಿದ್ರೆ ಅವರದ್ದರಲ್ಲಿ ಏಳನೆಯದು ಹಾಳಾಗಿರುತ್ತೆ. ಸಿಗಲಿಲ್ಲ ಅಂದ್ರೆ ಬೇರೆ ಡ್ರೈವ್‌ನಲ್ಲಿ ಓದಿಸಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಇಲ್ಲ, ಯುಎಸ್‌ಬಿ ಡಿವಿಡಿ ಡ್ರೈವ್ ಒಂದು, ಡಿಟಿಪಿ ಸೆಂಟರ್‌ನ ಹಳೇ ಕಂಪ್ಯೂಟರ್ ಇನ್ನೊಂದು, ಹೀಗೆ ಎರಡು ಹೊಂದಿಸ್ಕೊಳ್ಳಿ. ಬೇರೆ ಲೇಸರ್ ಬೇರೆ ರೀತಿ ಓದುತ್ತೆ, ಊಹೆಯೂ ಬೇರೆ. ಎರಡು ಡ್ರೈವ್‌ನ ಗುರುತು ಒಂದೇ ಬಂದ್ರೆ ಅದು ಗಟ್ಟಿ ಸಾಕ್ಷಿ. ಇಲ್ಲೊಂದು ಕೊಕ್ಕೆ ಇದೆ. ಪ್ರತಿ ಮಾಡೆಲ್ ಡ್ರೈವೂ ಓದೋಕೆ ಶುರು ಮಾಡೋ ಜಾಗ ಸ್ವಲ್ಪ ಆಚೀಚೆ ಇರುತ್ತೆ, ಎಷ್ಟೋ ಸಲ ನೂರಾರು ಸ್ಯಾಂಪಲ್‌ಗಳಷ್ಟು. ಅದಕ್ಕೆ ಆಫ್‌ಸೆಟ್ ಅಂತಾರೆ. ಕಿವಿಗೆ ಏನೂ ಗೊತ್ತಾಗಲ್ಲ, ಆದ್ರೆ ಗುರುತು ಪೂರ್ತಿ ಬೇರೆ ಬರುತ್ತೆ. ಹಾಗಾಗಿ ಎರಡೂ ಕಡೆ ಆಫ್‌ಸೆಟ್ ಸರಿಹೊಂದಿಸಿದ ಮೇಲೆ ಹೋಲಿಸಿ. ಮೊದಲ ಸಲ ಯಾವುದಾದ್ರೂ ಹೆಸರುವಾಸಿ ಸಿಡಿ ಹಾಕಿದ್ರೆ ಆ್ಯಕ್ಯುರೇಟ್‌ರಿಪ್ ಸಹಾಯದಿಂದ ಸಾಫ್ಟ್‌ವೇರೇ ಅದನ್ನ ಕಂಡುಹಿಡ್ಕೊಳ್ಳುತ್ತೆ.

ಇನ್ನೊಂದು ಡ್ರೈವ್ ಸಿಗದಿದ್ರೆ ಸಿಡಿ ತೊಳೆದು ಮತ್ತೆ ಓದಿಸಿ. ನೀರು, ಒಂದು ಹನಿ ಪಾತ್ರೆ ಸೋಪಿನ ದ್ರವ, ಮೆತ್ತನೆ ಹತ್ತಿ ಬಟ್ಟೆ. ಸ್ಪೀಡ್ ಕಡಿಮೆ ಮಾಡಿಯೂ ನೋಡಿ, ಕೆಲವು ಡ್ರೈವ್‌ಗಳಿಗೆ ಅದರಿಂದ ಉಪಯೋಗ ಆಗುತ್ತೆ. ಟೂತ್‌ಪೇಸ್ಟ್ ಹಚ್ಚೋ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ಪೇಸ್ಟ್ ಅಂದ್ರೆ ಉಜ್ಜಿ ಸವೆಸೋ ವಸ್ತು. ಆಗೋಷ್ಟು ರಿಪ್ ಮಾಡ್ಕೊಂಡು, ಬೇರೆ ದಾರಿಯೇ ಇಲ್ಲ ಅಂದಾಗ ನೋಡೋಣ, ಮೊದಲೇ ಬೇಡ.

ಕಿವಿಯನ್ನ ಎಷ್ಟು ನಂಬಬಹುದು ಅಂತ ಕೇಳ್ತೀರಾ? ಅರ್ಧ. "ಟಿಕ್" ಅನ್ನೋ ಸದ್ದು ಹಾರ್ಮೋನಿಯಂ ಒಂದೇ ಸ್ವರ ಹಿಡಿದಿರೋ ಕಡೆ ಥಟ್ಟನೆ ಸಿಗುತ್ತೆ. ತಾಳ, ತಬಲ, ಕೋರಸ್ ಎಲ್ಲಾ ಸೇರಿದ ಕಡೆ ಸಿಗಲ್ಲ. ಫೋನ್ ಸ್ಪೀಕರ್‌ನಲ್ಲಂತೂ ಕೇಳಲೇಬೇಡಿ. ಅಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರೋಗ್ರಾಮ್ ತೆರೆದ್ರೆ ಅಂಥ ಟಿಕ್ ಕೆಳಗಿಂದ ಮೇಲಿನವರೆಗೆ ಒಂದು ತೆಳು ನೆಟ್ಟಗೆರೆಯಾಗಿ ಕಾಣುತ್ತೆ. ಕ್ಯಾಸೆಟ್‌ನಿಂದ ಬಂದ "ಸ್ಸ್" ಅನ್ನೋ ಶಬ್ದ ಇದ್ರೆ ಅದು ಸಿಡಿಯ ತಪ್ಪಲ್ಲ, ಸಿಡಿ ಅದನ್ನೂ ನಿಷ್ಠೆಯಿಂದ ಇಟ್ಕೊಂಡಿದೆ. ಮೂಲ ಫೈಲ್‌ನಲ್ಲಿ ಅದನ್ನ ಅಳಿಸೋಕೆ ಹೋಗ್ಬೇಡಿ, ಬೇಕಾದ್ರೆ ಇನ್ನೊಂದು ಕಾಪಿ ಮಾಡಿ ಅದರಲ್ಲಿ ಆಟ ಆಡಿ.

ಇಳಿಸಿದ ಮೇಲೆ ಎಂಪಿ3 ಮಾಡ್ಬೇಡಿ, ಫ್ಲ್ಯಾಕ್ ಮಾಡಿ. ಒಂದು ಗಂಟೆಯ ವೇವ್ ಫೈಲ್ ಸುಮಾರು 635 ಎಂಬಿ, ಫ್ಲ್ಯಾಕ್‌ನಲ್ಲಿ ಹೆಚ್ಚುಕಮ್ಮಿ ಅರ್ಧ, ಒಂದು ಬಿಟ್ಟೂ ಕಳೆಯಲ್ಲ. ಫ್ಲ್ಯಾಕ್ ಫೈಲ್ ತನ್ನೊಳಗೇ ಹಾಡಿನ ಗುರುತನ್ನ ಇಟ್ಕೊಂಡಿರುತ್ತೆ, ಹತ್ತು ವರ್ಷ ಬಿಟ್ಟು ಪೆನ್‌ಡ್ರೈವ್ ಕೆಟ್ಟಿದೆಯಾ ಅಂತ ಪರೀಕ್ಷೆ ಮಾಡಬಹುದು. ಲಾಗ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ, ಎರಡು ಬೇರೆ ಜಾಗದಲ್ಲಿ ಇಡಿ. ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಫೈಲ್ ಇದ್ದ ಹಾಗೇ ಹೋಗುತ್ತೆ.

ಲಾಗ್‌ನಲ್ಲಿ ಅನುಮಾನದ ಜಾಗ ಉಳಿದಿದ್ರೆ ಆ ನಿಮಿಷ-ಸೆಕೆಂಡ್‌ಗಳನ್ನ ಒಂದು ಚೀಟಿಯಲ್ಲಿ ಬರೆದು ಸಿಡಿ ಕವರ್ ಒಳಗಿಡಿ. ಸಿಡಿಯನ್ನ ಬಿಸಿಲು ಬೀಳದ ಕಡೆ ನಿಲ್ಲಿಸಿಡಿ. ನಾಳೆ ಇನ್ನೂ ಚೆನ್ನಾಗಿ ಓದೋ ಡ್ರೈವ್ ಕೈಗೆ ಸಿಕ್ಕಾಗ ಇಡೀ ಸಿಡಿ ಬೇಡ, ಆ ಒಂದು ಹಾಡು ಸಾಕು.

ಮದುವೆ ವಿಸಿಡಿಗಳ ಬಗ್ಗೆ ಈ ವಾರ ಚಿಂತಾಮಣಿ, ಗೌರಿಬಿದನೂರಿನಿಂದ ಮೂರು ಮೆಸೇಜ್ ಬಂದಿದೆ. ಅದರ ಕಥೆ ಬೇರೆ, ಅಲ್ಲಿ ವಿಡಿಯೊ ಇರೋ ಸೆಕ್ಟರ್‌ಗಳಿಗೆ ಡೇಟಾ ಸಿಡಿಯಷ್ಟು ಕಾವಲು ಇರಲ್ಲ. ಅದನ್ನ ಮುಂದಿನ ಎಪಿಸೋಡ್‌ನಲ್ಲಿ ಮಾತಾಡೋಣ. ಅಲ್ಲಿವರೆಗೂ ನಮಸ್ಕಾರ.